ಕರುಳಿನ ಒಕ್ಕಲು

ಬ್ಯಾಕ್ಟೀರಿಯವೆಂದೊಡನೆ ನಮಗೆ ನೆನಪಾಗುವುದು ಕಾಲರ, ಕ್ಷಯ. ಆದರೆ 70 ಕಿಲೋಗ್ರಾಂ ತೂಕದ ಮನುಷ್ಯನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು ಸದಾ ಇರುತ್ತವೆ. ಬಹುಪಾಲಿನ ವಾಸ ದೊಡ್ಡ ಕರುಳಿನಲ್ಲಿ. ಇವು ನಮ್ಮ ಜೀವಕೋಶಗಳ ಹತ್ತು ಪಟ್ಟೆಂಬ ಅಂದಾಜು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿತ್ತು. 2016ರಲ್ಲಿ ಹೊಸದಾಗಿ ಗಣಿಸಿದಾಗ ಎರಡೂ ಹೆಚ್ಚುಕಡಿಮೆ ಸರಿಸಮವೆಂದು ಕಂಡುಬಂತು. ಅವುಗಳ ಒಟ್ಟು ತೂಕ ಸುಮಾರು 200 ಗ್ರಾಂ ಅಷ್ಟೆ.

ಈ ಒಕ್ಕಲಿನಿಂದ ನಮಗೆ ಬರುವ ಗೇಣಿ ಯಾವುದು? ಧಾನ್ಯದ ತೌಡು, ಬೇಳೆ, ಸೊಪ್ಪುಗಳ ನಾರನ್ನು ನಮ್ಮ ಜೀರ್ಣರಸಗಳು ಒಡೆಯಲಾರವು. ಬ್ಯಾಕ್ಟೀರಿಯಗಳು ಅದನ್ನು ಹುಳಿಯಿಸಿ ಬ್ಯುಟಿರಿಕ್ ಆಮ್ಲವೇ ಮೊದಲಾದವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಈ ಆಮ್ಲವೇ ಮುಖ್ಯ ಆಹಾರ. ರೋಗನಿರೋಧಕ ಕೋಶಗಳು ಮಿತಿಮೀರಿ ಕೆರಳದಂತೆ ತಡೆಯುವ ಸಂಕೇತಗಳಲ್ಲಿಯೂ ಇದು ಒಂದು. ಹುಟ್ಟಿನಿಂದ ಒಂದು ಬ್ಯಾಕ್ಟೀರಿಯವೂ ಸೋಂಕದಂತೆ ಸಾಕಿದ ಇಲಿಗಳಲ್ಲಿ ಕರುಳಿನ ನಿರೋಧಕ ಅಂಗಾಂಶವು ಬಲಿಯದೆ ಉಳಿಯುತ್ತದೆ.

ಈ ಒಕ್ಕಲನ್ನು ಎಬ್ಬಿಸಿದರೆ ಏನಾದೀತು? ಬೇರೆ ಯಾವುದೋ ಕಾಯಿಲೆಗಾಗಿ ಸೇವಿಸಿದ ಆ್ಯಂಟಿಬಯೋಟಿಕ್ ಔಷಧಕ್ಕೆ ಮಿತ್ರ ಶತ್ರುಗಳೆಂಬ ಭೇದವಿಲ್ಲ. ಹಳೆಯ ನಿವಾಸಿಗಳು ಪಿತ್ತರಸದ ಆಮ್ಲಗಳನ್ನು ಮಾರ್ಪಡಿಸಿ, ಆಹಾರಕ್ಕಾಗಿ ಪೈಪೋಟಿ ನಡೆಸಿ ಅದುವರೆಗೆ ಹತ್ತಿಕ್ಕಿದ್ದ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಆಗ ಮೊಳೆಯುತ್ತವೆ. ಅದು ಸ್ರವಿಸುವ ವಿಷದಿಂದ ತೀವ್ರವಾದ ಭೇದಿ, ಕೆಲವೊಮ್ಮೆ ಪ್ರಾಣಾಪಾಯ. ವ್ಯಾಂಕೊಮೈಸಿನ್ ಕೊಟ್ಟರೆ ರೋಗವು ಅಡಗುತ್ತದೆ. ಆದರೆ ಬೀಜಾಣುಗಳು ಸಾಯವು. ಔಷಧವು ನಿಂತ ಮೇಲೆ ಹಲವರಲ್ಲಿ ಮತ್ತೆ ತಲೆಯೆತ್ತುತ್ತದೆ.

1958ರಲ್ಲಿ ಅಮೆರಿಕದ ಡೆನ್ವರ್ ನಗರದ ಶಸ್ತ್ರವೈದ್ಯ ಬೆನ್ ಐಸ್‌ಮನ್ ಮತ್ತು ಸಂಗಡಿಗರು ಇಂಥ ಬೇನೆಯ ನಾಲ್ವರು ರೋಗಿಗಳ ಕರುಳಿಗೆ ಆರೋಗ್ಯವಂತರ ಮಲವನ್ನು ಎನಿಮಾದ ಮೂಲಕ ಸೇರಿಸಿದರು. ನಾಲ್ವರೂ ಚೇತರಿಸಿಕೊಂಡರು. ವಾಚಕರು ಮೂಗು ಮುಚ್ಚಿಕೊಂಡರೆ ಆಶ್ಚರ್ಯವಿಲ್ಲ. ವೈದ್ಯರೂ ಬಹುಕಾಲ ಹಾಗೆಯೇ ಮಾಡಿದರು. 2013ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪರೀಕ್ಷೆಯೊಂದರ ಫಲ ಪ್ರಕಟವಾಯಿತು. ರೋಗ ಮರುಕಳಿಸಿದ 16 ಮಂದಿಗೆ ಅಲ್ಪಕಾಲ ವ್ಯಾಂಕೊಮೈಸಿನ್ ಕೊಟ್ಟು, ಕರುಳನ್ನು ತೊಳೆದು, ದಾನಿಯ ಮಲದ ದ್ರಾವಣವನ್ನು ಮೂಗಿನ ನಳಿಕೆಯಿಂದ ಸಣ್ಣ ಕರುಳಿಗೆ ಇಳಿಸಿದ್ದರು. ಒಂದೇ ಸಲಕ್ಕೆ 13 ಮಂದಿ ಗುಣವಾದರು. ವ್ಯಾಂಕೊಮೈಸಿನ್ ಒಂದನ್ನೇ ಪಡೆದ 13 ಮಂದಿಯಲ್ಲಿ ಗುಣವಾದವರು 4. ಅಂತರವು ಇಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಕರುಳಿನ ಬ್ಯಾಕ್ಟೀರಿಯಗಳ ಹೆಸರಿನಲ್ಲಿ ಇಂದು ಮಾರಾಟವಾಗುವ ಮಾತುಗಳಲ್ಲಿ ಇಷ್ಟು ಗಟ್ಟಿಯಾದ ಪ್ರಮಾಣವುಳ್ಳವು ವಿರಳವೆಂದೇ ನಾವು ಭಾವಿಸುತ್ತೇವೆ.

ಈ ಚಿಕಿತ್ಸೆಯೂ ನಿರಪಾಯವಲ್ಲ. ದಾನಿಯ ಮಲದಲ್ಲಿದ್ದ, ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯದಿಂದ ರೋಗಿಯೊಬ್ಬರು ಮೃತರಾದರೆಂದು 2019ರಲ್ಲಿ ಅಮೆರಿಕದ ಸರ್ಕಾರ ಎಚ್ಚರಿಸಿತು. ದಾನಿಗಳ ತಪಾಸಣೆ ಬಿಗಿಯಾಯಿತು. 2023ರಲ್ಲಿ ಅಲ್ಲಿ ಅನುಮತಿ ದೊರೆತದ್ದು, ದಾನಿಯ ಮಲದಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಒಳ್ಳೆಯ ಬ್ಯಾಕ್ಟೀರಿಯಗಳ ಬೀಜಾಣುಗಳನ್ನು ತುಂಬಿದ, ಬಾಯಿಯಿಂದ ನುಂಗುವ ಗುಳಿಗೆಗೆ.