ಸಸಿಯ ಬೆಳವಣಿಗೆಯೂ ಸತುವಿನ ಕಣವೂ

ಸಸ್ಯಗಳಿಗೆ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಅವಶ್ಯವೆಂಬುದು ಸರ್ವವಿದಿತ. ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಕಬ್ಬಿಣ, ಸತು, ಬೋರಾನ್, ತಾಮ್ರ ಮೊದಲಾದವನ್ನು ಸೂಕ್ಷ್ಮ ಪೋಷಕಾಂಶಗಳೆಂದು ಕರೆಯುವರು. ಒಂದು ಕಿಲೋಗ್ರಾಂ ಒಣ ಎಲೆಯಲ್ಲಿ ಸಾರಜನಕವು ಸುಮಾರು 20 ಗ್ರಾಂ ಇದ್ದರೆ, ಸತುವು ಕೆಲವು ಹತ್ತು ಮಿಲಿಗ್ರಾಂ ಮಾತ್ರ. ಆದರೆ ಪ್ರಮಾಣ ಕಿರಿದಾದ ಮಾತ್ರಕ್ಕೆ ಪ್ರಯೋಜನವೂ ಕಿರಿದೆಂದು ಎಣಿಸಲಾಗದು.

ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಪೆಕಾನ್ ಎಂಬ ಕಾಯಿಯ ಮರಗಳನ್ನು ಒಂದು ವ್ಯಾಧಿಯು ಬಹುಕಾಲ ಬಾಧಿಸಿತು. ಎಲೆಗಳು ಕಿರಿದಾಗಿ ಹಳದಿಗಟ್ಟುತ್ತಿದ್ದವು; ಗೆಣ್ಣುಗಳ ನಡುವಣ ಅಂತರ ಕುಗ್ಗಿ ಎಲೆಗಳು ಗುಚ್ಛವಾಗಿ ನಿಲ್ಲುತ್ತಿದ್ದವು; ಕೊನೆಗೆ ರೆಂಬೆಗಳ ತುದಿ ಒಣಗುತ್ತಿತ್ತು. ಕಬ್ಬಿಣದ ಕೊರತೆಯೇ ಕಾರಣವಿರಬಹುದೆಂದು ವಿಜ್ಞಾನಿಗಳು ಕಬ್ಬಿಣದ ಲವಣದ್ರಾವಣವನ್ನು ಪ್ರಯೋಗಿಸಿದರು. ವಿಚಿತ್ರವೆಂದರೆ, ಕೆಲವು ಮರಗಳು ಚೇತರಿಸಿಕೊಂಡವು, ಕೆಲವು ಚೇತರಿಸಿಕೊಳ್ಳಲಿಲ್ಲ. ವಿಚಾರಿಸಿ ನೋಡಲಾಗಿ, ಸತುವಿನ ಲೇಪವುಳ್ಳ ಪಾತ್ರೆಗಳಲ್ಲಿ ಕಲಸಿದ ದ್ರಾವಣವೇ ಗುಣಕೊಟ್ಟಿತ್ತು! ಆಮ್ಲೀಯ ದ್ರಾವಣವು ಪಾತ್ರೆಯ ಲೇಪವನ್ನು ಕರಗಿಸಿಕೊಂಡಿತ್ತು. ಔಷಧವೆಂದು ನಂಬಿದ್ದುದು ಕಬ್ಬಿಣ. ರೋಗ ನೀಗಿದ್ದು ಸತು. 1932ರಲ್ಲಿ ಆಲ್ಬೆನ್, ಕೋಲ್, ಲೂಯಿಸ್ ಎಂಬ ಸಂಶೋಧಕರು ಇದನ್ನು ಪ್ರಕಟಿಸಿದರು.

ಸತುವಿಗೆ ಈ ಮಹತ್ತ್ವವೇಕೆ? ಕುಡಿಯು ನೀಳವಾಗಲು ಆಕ್ಸಿನ್ ಎಂಬ ಚೋದಕ ಬೇಕು. ಸತುವಿನ ಅಭಾವದಲ್ಲಿ ಅದರ ಪ್ರಮಾಣ ಕುಗ್ಗುತ್ತದೆ. ಅನೇಕ ಕಿಣ್ವಗಳೂ ಸತುವಿಲ್ಲದೆ ನಿಷ್ಕ್ರಿಯವಾಗುತ್ತವೆ. ಮೊಳಕೆಯು ಮೊದಮೊದಲು ಹೆಚ್ಚಾಗಿ ಬೀಜದ ಸಂಗ್ರಹದಿಂದ ಜೀವಿಸುತ್ತದೆ. ಅದು ತೀರಿದ ಬಳಿಕ ಎಳೆಯ ಬೇರು ತಾನು ನಿಂತ ಹಿಡಿಮಣ್ಣನ್ನೇ ಅವಲಂಬಿಸಬೇಕು. ಬೆಳೆದ ಮರವು ದೂರದವರೆಗೆ ಬೇರು ಚಾಚಿ ಅರಸಬಲ್ಲದು. ಚೀಲದಲ್ಲಿನ ಸಸಿಗೆ ಆ ಅವಕಾಶವಿಲ್ಲ. ಆದುದರಿಂದ ಕೊರತೆಯ ಪೆಟ್ಟು ಸಸಿಗೇ ಹೆಚ್ಚು.

ಮಣ್ಣಿನಲ್ಲಿ ಸತುವಿದ್ದರೂ ಅದು ಬೇರಿಗೆ ದೊರೆಯುವುದೆಂಬ ನಿಯಮವಿಲ್ಲ. ಸುಣ್ಣಾಂಶವುಳ್ಳ ಕ್ಷಾರಭೂಮಿಯಲ್ಲಿ ಅದು ಕರಗದೆ ಬಂಧಿತವಾಗುತ್ತದೆ. ಉತ್ತರ ಕರ್ನಾಟಕದ ಕಪ್ಪುಮಣ್ಣಿನಲ್ಲಿಯೂ ಈ ತೊಡಕುಂಟು. ರಂಜಕದ ಗೊಬ್ಬರವನ್ನು ಮಿತಿಮೀರಿ ಹಾಕಿದರೂ ಸತುವಿನ ಕೊರತೆ ಉಲ್ಬಣಿಸುತ್ತದೆ. ಇಂತಹ ಕಡೆ ಸತುವಿನ ಸಲ್ಫೇಟನ್ನು ತೆಳುವಾಗಿ ಕರಗಿಸಿ, ತುಸು ಸುಣ್ಣ ಬೆರೆಸಿ ಎಲೆಗಳ ಮೇಲೆ ಸಿಂಪಡಿಸುವುದು ರೂಢಿ. ದ್ರಾವಣ ಗಾಢವಾದರೆ ಎಳೆಯೆಲೆ ಸುಡುವುದು. ಸತು ಅತಿಯಾದರೆ ಕಬ್ಬಿಣದ ಹೀರಿಕೆಗೆ ಅಡ್ಡಿಯಾಗುವುದು. ಆದಕಾರಣ ಮಣ್ಣು ಅಥವಾ ಎಲೆಯನ್ನು ಪರೀಕ್ಷಿಸಿದ ಮೇಲೆಯೇ ಉಪಚಾರಕ್ಕೆ ತೊಡಗುವುದು ಯುಕ್ತ.

ಕುಗ್ಗಿದ ಸಸಿಗೆ ಮತ್ತಷ್ಟು ಗೊಬ್ಬರ ಸುರಿಯುವುದು ಸುಲಭ. ಅದಕ್ಕೆ ಇಲ್ಲದಿರುವುದು ಯಾವುದೆಂದು ಅರಿಯುವುದು ಕಷ್ಟ. ಆ ಅರಿವು ಸಕಾಲದಲ್ಲಿ ಒದಗಿದರೆ ಚಿಟಿಕೆಯಷ್ಟು ಲವಣವೂ ಒಂದು ಮರವನ್ನು ಉಳಿಸಬಲ್ಲದು.