ಬಿಸಿ ನೀರಿನಲ್ಲಿ ಉಸಿರುಗಟ್ಟುವ ಬ್ಯಾಕ್ಟೀರಿಯಗಳು

ಬೇಸಿಗೆಯಲ್ಲಿ ದೋಸೆ ಹಿಟ್ಟು ಬೇಗ ಹುಳಿಯಾಗುತ್ತದೆ. ಉಷ್ಣತೆ ಏರಿದಂತೆ ಸೂಕ್ಷ್ಮಜೀವಿಗಳ ಚಟುವಟಿಕೆ ಹೆಚ್ಚುವುದೇ ಇದಕ್ಕೆ ಕಾರಣ. ಹಾಗಾದರೆ ಕೊಳಚೆ ನೀರು ಬಿಸಿಯಾಗಿದ್ದಷ್ಟೂ ಅದರ ಶುದ್ಧೀಕರಣ ಸುಲಭವಾಗಬೇಕಲ್ಲವೆ? ಒಂದು ಮಿತಿಯವರೆಗೆ ಮಾತ್ರ ಇದು ನಿಜ.

ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದ ‘ಆಕ್ಟಿವೇಟೆಡ್ ಸ್ಲಡ್ಜ್’ ವಿಧಾನ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ತೊಟ್ಟಿಯಲ್ಲಿನ ಕೊಳಚೆಗೆ ಗಾಳಿ ಊದುತ್ತಾರೆ. ನೀರಿನಲ್ಲಿ ವಿಲೀನವಾದ ಆಕ್ಸಿಜನ್ ಬಳಸಿ ಬ್ಯಾಕ್ಟೀರಿಯಗಳು ಸಾವಯವ ಕಲ್ಮಶವನ್ನು ತಿಂದು ಬೆಳೆಯುತ್ತವೆ. ಒಂದಕ್ಕೊಂದು ಅಂಟಿಕೊಂಡು ಪುಟ್ಟ ಗಂಟುಗಳಾಗಿ, ಮುಂದಿನ ತೊಟ್ಟಿಯಲ್ಲಿ ತಳ ಸೇರುತ್ತವೆ. ಮೇಲಿನ ತಿಳಿನೀರನ್ನು ಹೊರಬಿಡುತ್ತಾರೆ.

ಈಗ ಆಕ್ಸಿಜನ್ನಿನ ಲೆಕ್ಕ ನೋಡೋಣ. ಸಮುದ್ರಮಟ್ಟದಲ್ಲಿ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಹೆಚ್ಚೆಂದರೆ ಸುಮಾರು 9.1 ಮಿಲಿಗ್ರಾಮ್ ಆಕ್ಸಿಜನ್ ವಿಲೀನವಾಗಿರಬಲ್ಲದು. 30 ಡಿಗ್ರಿಯಲ್ಲಿ 7.6, 40ರಲ್ಲಿ 6.4 ಮಾತ್ರ. ಬಿಸಿ ನೀರಿನಲ್ಲಿ ಅಣುಗಳ ಓಡಾಟ ಚುರುಕಾಗುವುದರಿಂದ ಗುಳ್ಳೆಯಿಂದ ನೀರಿಗೆ ಆಕ್ಸಿಜನ್ ಬೇಗ ದಾಟುತ್ತದೆ ಎಂಬುದೂ ಹೌದು. ಇವೆರಡನ್ನೂ ಗಣನೆಗೆ ತೆಗೆದುಕೊಂಡರೆ, ನೀರು 20ರಿಂದ 30 ಡಿಗ್ರಿಗೆ ಏರಿದಾಗ ಅದೇ ಯಂತ್ರ ಒದಗಿಸುವ ಆಕ್ಸಿಜನ್ ಹೆಚ್ಚುಕಡಿಮೆ ಮೊದಲಿನಷ್ಟೇ. ಬ್ಯಾಕ್ಟೀರಿಯಗಳ ಕ್ರಿಯಾವೇಗವಾದರೋ ಸುಮಾರು ಇಮ್ಮಡಿಯಾಗಿರುತ್ತದೆ! ಉಣ್ಣುವವರ ಹಸಿವು ಹೆಚ್ಚಿತು, ಬಡಿಸುವುದು ಅಷ್ಟೇ ಉಳಿಯಿತು. ಕೊಳಚೆ ಒಳಬರುವ ತುದಿಯಲ್ಲಂತೂ ಆಕ್ಸಿಜನ್ ಬರಿದಾಗುವ ಅಪಾಯ ಹೆಚ್ಚು.

ಉಷ್ಣತೆ 35 ಡಿಗ್ರಿ ದಾಟಿ 40ರತ್ತ ಸಾಗಿದರೆ ಇನ್ನೊಂದು ತೊಂದರೆ. ಬಿಸಿ ನೀರಿನ ಸ್ನಿಗ್ಧತೆ ಕಡಿಮೆ. ಸ್ಟೋಕ್ಸ್ ನಿಯಮದಂತೆ ಗಂಟುಗಳು ಇನ್ನೂ ಬೇಗ ಕೆಳಗಿಳಿಯಬೇಕು. ನಮ್ಮ ಭೌತವಿಜ್ಞಾನ ಹೇಳುವುದು ಇಷ್ಟು. ಆದರೆ ಗಂಟುಗಳೇ ಸಡಿಲವಾಗಿ ಒಡೆದರೆ? ಬಿಡಿ ಬ್ಯಾಕ್ಟೀರಿಯಗಳನ್ನು ತಿಂದು ನೀರನ್ನು ತಿಳಿಗೊಳಿಸುವ ಪ್ರೊಟೊಜೋವಗಳೂ ಕಣ್ಮರೆಯಾಗುತ್ತವೆ. ಹೊರಬರುವ ನೀರು ಕದಡಿಯೇ ಇರುತ್ತದೆ. ಅದು ಹೊಳೆ ಸೇರಿದರೆ ಅಲ್ಲಿನ ಆಕ್ಸಿಜನ್ನೂ ಕಡಿಮೆಯಾಗಿ ಮೀನುಗಳಿಗೆ ಕುತ್ತು.

ಕಾಕಂಬಿಯಿಂದ ಮದ್ಯಸಾರ ತಯಾರಿಸುವ ಡಿಸ್ಟಿಲರಿಗಳಲ್ಲಿ ಈ ಸಮಸ್ಯೆ ತೀವ್ರ. ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಡುಕಂದು ದ್ರವ ಬಿಸಿಬಿಸಿಯಾಗಿಯೇ ಹೊರಬರುತ್ತದೆ. ಅದನ್ನು ತಣಿಸಿ, ಮೊದಲು ಗಾಳಿಯಾಡದ ಮುಚ್ಚಿದ ತೊಟ್ಟಿಗೆ ಹಾಯಿಸುವುದು ರೂಢಿ. ಅಲ್ಲಿ ಆಕ್ಸಿಜನ್ನಿನ ಹಂಗಿಲ್ಲ. ಮೀಥೇನ್ ಉತ್ಪಾದಿಸುವ ಜೀವಿಗಳಿಗೆ 35 ಡಿಗ್ರಿಯ ಆಸುಪಾಸು ಹಿತಕರ. 55 ಡಿಗ್ರಿಯಲ್ಲಿ ದುಡಿಯುವ ಬೇರೆ ಪ್ರಭೇದಗಳೂ ಇವೆ. ಆದರೆ 35ಕ್ಕೆ ಒಗ್ಗಿದ ತೊಟ್ಟಿಗೆ, ತಣಿಸುವ ವ್ಯವಸ್ಥೆ ಕೆಟ್ಟ ದಿನ, ಬಿಸಿ ದ್ರವವನ್ನು ನೇರವಾಗಿ ಬಿಟ್ಟರೆ ಮೀಥೇನ್ ಉತ್ಪಾದನೆ ಕುಸಿಯುತ್ತದೆ, ಆಮ್ಲಗಳು ಶೇಖರಗೊಳ್ಳುತ್ತವೆ. ಆ ತೊಟ್ಟಿ ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಬೇಕಾಗಬಹುದು.