ನೆರೆಮನೆಯ ಕೂಸೂ ಅಮಾನತ್ತೇ

ಶಿಗ್ಲಿಯಲ್ಲಿ ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ದಿನಗಳು ಬಂದವೆಂದರೆ ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆಯೇ ಹೊಲಕ್ಕೆ ಹೊರಡುತ್ತಾರೆ. ಕೂಸನ್ನು ಯಾರ ಕೈಗೆ ಕೊಡುವುದು? ಎಂಟು ಹತ್ತು ವರ್ಷದ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಕೂರಬೇಕಾಗುತ್ತದೆ. ಹಾಗಾದರೆ ಇಬ್ಬರು ಮಕ್ಕಳಿಗೂ ನಷ್ಟ.

ಅಂಗನವಾಡಿಯಲ್ಲಿ ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ಪ್ರಕಟಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ತರಬೇತಿ ಪಡೆದ ಮಹಿಳೆಯರು ಅಲ್ಲಿ ನೋಡಿಕೊಳ್ಳುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಕೇಳಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಬೇಡಿಕೆಯಿಡಿ.

ಓಣಿಯ ಸಹೋದರಿಯೊಬ್ಬರು ತಮ್ಮ ಮನೆಯಲ್ಲೇ ಕೂಸುಗಳನ್ನು ನೋಡಿಕೊಳ್ಳುವುದಾದರೆ ಮೊದಲು ಹೋಗಿ ಮನೆ ನೋಡೋಣ. ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳು? ನೀರಿನ ತೊಟ್ಟಿಗೆ ಮುಚ್ಚಳವಿದೆಯೇ? ಒಲೆ, ಔಷಧಿ ಮಕ್ಕಳ ಕೈಗೆ ಸಿಗದಂತಿವೆಯೇ? ಸಂಜೆ ಕೂಸನ್ನು ಯಾರ ಕೈಗೆ ಮಾತ್ರ ಕೊಡಬೇಕೆಂದು ಬರೆದಿಟ್ಟಿದ್ದಾರೆಯೇ? ಹೀಗೆ ಕೇಳುವುದು ಸಂಶಯವಲ್ಲ. ಕೂಸು ಅಮಾನತ್, ಒಪ್ಪಿಸುವವರೂ ಒಪ್ಪಿಸಿಕೊಳ್ಳುವವರೂ ಅದಕ್ಕೆ ಉತ್ತರ ಕೊಡಬೇಕಾದವರು. ಮಗುವಿಗೆ ತೊಂದರೆಯಾಗುತ್ತಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಸೂರಾ ಅನ್ನಿಸಾದ 36ನೇ ಆಯತ್ ಹತ್ತಿರದ ನೆರೆಯವರಿಗೂ ದೂರದ ನೆರೆಯವರಿಗೂ ಒಳಿತು ಮಾಡಲು ಆಜ್ಞಾಪಿಸುತ್ತದೆ. ಆದ್ದರಿಂದ ಈ ವಿಷಯ ನಮ್ಮ ಜಮಾಅತಿನೊಳಗೇ ಉಳಿಯದಿರಲಿ. ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಬಂದವರು ಓಣಿಯ ಎಲ್ಲ ಮನೆಗಳಿಗೂ, ಯಾವ ಸಮುದಾಯದವರೇ ಇರಲಿ, ತಿಳಿಸೋಣ. ನಮ್ಮ ಒಂದು ಮಾತಿನಿಂದ ಒಬ್ಬ ಹುಡುಗಿ ಸೋಮವಾರ ಶಾಲೆಗೆ ಹೋದರೂ ಅದು ದೊಡ್ಡ ಒಳಿತು.